ಗೊಂಬೆಯ ಮುಂದೆ ಅಂಜಿಕೆ ಇಲ್ಲ

ಬೆಳಿಗ್ಗೆ ಕಾಲೇಜಿನ ಬಾಗಿಲಲ್ಲಿ ಬೆರಳೊತ್ತಿ ಹಾಜರಿ ಹಾಕುವ ಯಂತ್ರದ ಮುಂದೆ ನರ್ಸಿಂಗ್ ವಿದ್ಯಾರ್ಥಿನಿ ಮುಖ ಗಂಟಿಕ್ಕಿಕೊಂಡು ನಿಲ್ಲುತ್ತಾಳೆ. ಮಧ್ಯಾಹ್ನ ಸ್ಕಿಲ್ ಲ್ಯಾಬಿನಲ್ಲಿ ರಬ್ಬರಿನ ತೋಳಿಗೆ ಕ್ಯಾನುಲಾ (ಸಲಾಯಿನ್ ಹರಿಸುವ ಸಣ್ಣ ನಳಿಗೆ) ಹಾಕುತ್ತಾ ಊಟದ ಗಂಟೆ ಹೊಡೆದದ್ದನ್ನೇ ಮರೆಯುತ್ತಾಳೆ. ರಾತ್ರಿ ಹಾಸ್ಟೆಲ್ಲಿನಲ್ಲಿ ಚಾದರದೊಳಗೆ ಮೊಬೈಲು ಹಿಡಿದು, ಗಂಡಸಿಗೆ ಮೂತ್ರದ ನಳಿಗೆ ಹಾಕುವುದು ಹೇಗೆಂಬ ವಿಡಿಯೊವನ್ನು ಮತ್ತೆ ಮತ್ತೆ ನೋಡುತ್ತಾಳೆ. ಮೂರೂ ತಂತ್ರಜ್ಞಾನವೇ. ಹಾಗಾದರೆ ನರ್ಸಿಂಗ್ ಓದುವ ಹುಡುಗಿಗೆ ತಂತ್ರಜ್ಞಾನ ಬೇಕೋ ಬೇಡವೋ? ಇಂಥ ಹುಡುಗಿಯರ ಜೊತೆ ವರ್ಷಗಟ್ಟಲೆ ಲ್ಯಾಬಿನಲ್ಲೂ ವಾರ್ಡಿನಲ್ಲೂ ನಿಂತ ನನಗೆ ತಿಳಿದದ್ದು ಇಷ್ಟು: ಯಾರ ಕಣ್ಣಿಗೂ ಬೀಳದೆ ತಪ್ಪು ಮಾಡಿ, ತಿದ್ದಿಕೊಳ್ಳಲು ಬಿಡುವ ಯಂತ್ರವನ್ನು ಅವರು ಬಿಟ್ಟಿರಲಾರರು. ತಪ್ಪನ್ನು ಎಣಿಸಿ ಬರೆದಿಡುವ ಯಂತ್ರದಿಂದ ತಪ್ಪಿಸಿಕೊಂಡು ಓಡಾಡುತ್ತಾರೆ.

ನಾನು ಹುಟ್ಟಿದ್ದು ಆಳಂದ ತಾಲ್ಲೂಕಿನ ಮಾದನಹಿಪ್ಪರಗಾದಲ್ಲಿ. ಮಹಾರಾಷ್ಟ್ರದ ಗಡಿ ಹತ್ತಿರ. ಅಕ್ಕಲಕೋಟ, ಸೊಲ್ಲಾಪುರ ನಮಗೆ ಪರಊರುಗಳಲ್ಲ. ದೊಡ್ಡ ಬ್ಯಾನಿ ಬಂದರೆ ಕೆಲವರು ಕಲಬುರಗಿಯ ದವಾಖಾನೆಗೆ, ಕೆಲವರು ಸೊಲ್ಲಾಪುರದ ದವಾಖಾನೆಗೆ ಹೋಗುತ್ತಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕಡೆಯ ಉರ್ದು ಕಿವಿಗೆ ಬಿದ್ದುಕೊಂಡೇ ಬೆಳೆದವರು ನಾವು. ಇಂಗ್ಲಿಷ್ ಮಾತ್ರ ಪುಸ್ತಕದಲ್ಲಿತ್ತು. ಕನ್ನಡ ಮಾಧ್ಯಮದಲ್ಲಿ ಓದಿ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಕಲಿಯಲು ನಾನು ಹೋದಾಗ ಕಲಬುರಗಿ ಇನ್ನೂ ಗುಲಬರ್ಗಾ ಆಗಿತ್ತು. ಈಗ ಅಲ್ಲಿಯೇ ಪಾಠ ಹೇಳುತ್ತೇನೆ. ನನ್ನ ತರಗತಿಗೆ ಬರುವವರಲ್ಲಿ ಬಹಳಷ್ಟು ಮಂದಿ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳವರು. ತೊಗರಿ ಹೊಲದ, ಕಬ್ಬಿನ ಹೊಲದ ಮಕ್ಕಳು. ಹುಡುಗರೂ ಈಗ ಸಾಕಷ್ಟು ಬರುತ್ತಾರೆ.

ನಮ್ಮ ಕಾಲದಲ್ಲಿ ತಂತ್ರಜ್ಞಾನವೆಂದರೆ ಗೋಡೆಯ ಮೇಲಿನ ಚಾರ್ಟು, ಒಂದು ಅಸ್ಥಿಪಂಜರ, ಬೀರುವಿನೊಳಗೆ ಬೀಗ ಹಾಕಿಟ್ಟ ಒಂದು ಡಮ್ಮಿ. ಪರೀಕ್ಷಕರು ಬರುವ ದಿನ ಬೀರುವಿನ ಬಾಗಿಲು ತೆರೆಯುತ್ತಿತ್ತು. ಮೊದಲ ಸೂಜಿಯನ್ನು ನಾವೆಲ್ಲ ನೇರವಾಗಿ ಜೀವಂತ ಮನುಷ್ಯರಿಗೇ ಮಾಡಿದೆವು. ಕೈ ನಡುಗುತ್ತಿತ್ತು. ಪೇಷಂಟಿನ ಮುಖ ನೋಡುವ ಧೈರ್ಯ ಇರುತ್ತಿರಲಿಲ್ಲ. ಹಿಂದೆ ನಿಂತ ಸಿಸ್ಟರ್ ಬೈಯುತ್ತಿದ್ದರು. ಕಲಿತೆವು, ನಿಜ. ಆದರೆ ನಮ್ಮ ಕಲಿಕೆಯ ನೋವನ್ನು ಯಾರೋ ಬಡವರ ತೋಳು ತಿಂದಿತ್ತು. ಸರಕಾರಿ ವಾರ್ಡಿನಲ್ಲಿ ಮಲಗಿದವರು "ಬ್ಯಾಡ್ರಿ, ಬೇರೆಯವರು ಮಾಡ್ಲಿ" ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಇದು ಇವತ್ತಿಗೂ ನನ್ನನ್ನು ಕಾಡುತ್ತದೆ. ಲ್ಯಾಬಿನ ಗೊಂಬೆಗಳ ಪರವಾಗಿ ನಾನು ಇಷ್ಟು ಹಠದಿಂದ ಮಾತಾಡುವುದು ಅದಕ್ಕೇ.

ಗೊಂಬೆಗೆ ಒಳ್ಳೆಯ ಚರಿತ್ರೆಯೇ ಇದೆ. 1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಯವರು ಮಾರ್ಥಾ ಚೇಸ್ ಎಂಬ ಗೊಂಬೆ ಮಾಡುವ ಹೆಣ್ಣುಮಗಳ ಹತ್ತಿರ ಹೋಗಿ, ಆಳೆತ್ತರದ ಒಂದು ಗೊಂಬೆ ಮಾಡಿಕೊಡಿ ಎಂದು ಕೇಳಿದರು. ಮಕ್ಕಳ ಆಟಕ್ಕೆ ಬಟ್ಟೆಯ ಗೊಂಬೆ ಹೊಲಿಯುತ್ತಿದ್ದ ಆಕೆ ಕೈಕಾಲು ಮಡಚಲು ಬರುವಂಥ ದೊಡ್ಡ ಗೊಂಬೆ ಮಾಡಿದರು. ಹಾಸಿಗೆ ಬದಲಿಸುವುದು, ಪೇಷಂಟನ್ನು ಹೊರಳಿಸುವುದು, ಮೈ ಒರೆಸುವುದು ಎಲ್ಲವನ್ನೂ ಅದರ ಮೇಲೆ ಕಲಿಸಬಹುದಾಯಿತು. ಕೆಲವು ವರ್ಷಗಳಲ್ಲಿ ಸೂಜಿ ಮಾಡಲು ಅದರ ತೋಳಿನಲ್ಲಿ ಜಾಗವೂ ಬಂತು. ಹುಡುಗಿಯರು ಅದನ್ನು 'ಮಿಸೆಸ್ ಚೇಸ್' ಎಂದು ಕರೆದರು. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್, ನಿಂತ ಎದೆಬಡಿತವನ್ನು ಮರಳಿ ತರುವ ಸಿಪಿಆರ್ ಕಲಿಸಲು 'ರೆಸಸಿ ಆ್ಯನಿ' ಎಂಬ ಗೊಂಬೆ ಮಾಡಿದ. ಅವನ ಸ್ವಂತ ಮಗ ಹಿಂದೊಮ್ಮೆ ನೀರಿನಲ್ಲಿ ಮುಳುಗಿ ಸ್ವಲ್ಪದರಲ್ಲಿ ಬದುಕಿದ್ದ. ಇವತ್ತು ಜಗತ್ತಿನ ಎಲ್ಲ ಕಡೆ ಎದೆ ಒತ್ತಲು ಕಲಿಸುವುದು ಆ ಗೊಂಬೆಯ ಮೇಲೆ ಅಥವಾ ಅದರ ಅಕ್ಕತಂಗಿಯರ ಮೇಲೆ. ದೊಡ್ಡವರಿಗಾದರೆ ಎದೆ ಐದರಿಂದ ಆರು ಸೆಂಟಿಮೀಟರ್ ಒಳಗೆ ಹೋಗಬೇಕು, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಸರಿಯಾದ ಆಳಕ್ಕೆ ಒತ್ತಿದರೆ ಗೊಂಬೆ 'ಟಕ್' ಎನ್ನುತ್ತದೆ. ಮೊದಲ ವರ್ಷದ ಮಕ್ಕಳಿಗೆ ಆ ಟಕ್ ಎಂಬ ಸದ್ದು ಕೇಳಿಸಿದಾಗ ಮುಖದಲ್ಲಿ ಬರುವ ಬೆಳಕನ್ನು ನಾನು ಬಹಳ ಸಲ ನೋಡಿದ್ದೇನೆ. ಮೊದಮೊದಲು ಎಲ್ಲರೂ ಮೆತ್ತಗೆ ಒತ್ತುತ್ತಾರೆ. "ಎಲುಬು ಮುರಿತಾವೇನ್ರಿ ಮೇಡಂ?" ಎನ್ನುತ್ತಾರೆ. "ಗೊಂಬಿ ಅದವಾ, ಒತ್ತು" ಎಂದರೆ ಆಮೇಲೆ ಮೈಯ ಭಾರ ಬಿಟ್ಟು ಒತ್ತುತ್ತಾರೆ. ಜೀವಂತ ಮನುಷ್ಯನ ಮೇಲೆ ಈ ಪಾಠ ಸಾಧ್ಯವೇ ಇಲ್ಲ.

ಗೊಂಬೆಯ ಮೇಲೆ ಕಲಿತವರು ವಾರ್ಡಿನಲ್ಲಿ ಹಿಂದೆ ಬೀಳುತ್ತಾರೆಯೇ ಎಂಬ ಅನುಮಾನ ಹಳೆಯ ಟೀಚರುಗಳಿಗೆ ಸದಾ ಇತ್ತು. ಅಮೆರಿಕದಲ್ಲಿ ರಾಜ್ಯಗಳ ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ ಇದನ್ನೇ ಪರೀಕ್ಷಿಸಿ 2014ರಲ್ಲಿ ಫಲಿತಾಂಶ ಕೊಟ್ಟಿತು. ಹತ್ತು ಕಾಲೇಜುಗಳ ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ವಾರ್ಡಿನ ಅವಧಿಯ ಕಾಲು ಭಾಗವನ್ನು, ಇನ್ನೊಂದಕ್ಕೆ ಅರ್ಧ ಭಾಗವನ್ನು ಗೊಂಬೆಗಳಿರುವ ಸಿಮ್ಯುಲೇಷನ್ ಲ್ಯಾಬಿನಲ್ಲಿ ಕೊಟ್ಟರು. ಮೂರನೆಯ ಗುಂಪು ಬಹುಪಾಲು ವಾರ್ಡಿನಲ್ಲಿಯೇ ಕಲಿಯಿತು. ಕೊನೆಗೆ ತಿಳಿವಳಿಕೆಯಲ್ಲಾಗಲಿ ಕೆಲಸದಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅಲ್ಲಿ ಒಂದು ಷರತ್ತು ಇತ್ತು. ಪ್ರತಿ ಅಭ್ಯಾಸದ ನಂತರ ತರಬೇತಾದ ಟೀಚರು ಮಕ್ಕಳ ಜೊತೆ ಕೂತು, ಏನಾಯಿತು, ಏಕೆ ಹಾಗೆ ಮಾಡಿದಿರಿ ಎಂದು ನಿಧಾನವಾಗಿ ಮಾತಾಡುತ್ತಿದ್ದರು. ನಮ್ಮಲ್ಲಿ ಗೊಂಬೆ ಕೊಳ್ಳಲು ಹೇಗೋ ಹಣ ಹುಟ್ಟುತ್ತದೆ, ಕೂತು ಮಾತಾಡಲು ಟೈಮ್‌ಟೇಬಲ್ಲಿನಲ್ಲಿ ಜಾಗ ಹುಟ್ಟುವುದಿಲ್ಲ.

ನಮ್ಮ ಪಠ್ಯಕ್ರಮ ಈಗ ಬದಲಾಗಿದೆ. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ತಂದ ಹೊಸ ಬಿ.ಎಸ್ಸಿ. ನರ್ಸಿಂಗ್ ನಿಯಮಗಳಲ್ಲಿ ಸೆಮಿಸ್ಟರ್ ಪದ್ಧತಿ ಬಂತು, ಸಿಮ್ಯುಲೇಷನ್ನಿಗೆ ಜಾಗ ಸಿಕ್ಕಿತು. ಮೂರನೆಯ ಸೆಮಿಸ್ಟರಿನಲ್ಲಿ 'ನರ್ಸಿಂಗ್ ಇನ್ಫರ್ಮ್ಯಾಟಿಕ್ಸ್ ಮತ್ತು ತಂತ್ರಜ್ಞಾನ' ಎಂಬ ವಿಷಯವೇ ಸೇರಿತು: 40 ಗಂಟೆ ಪಾಠ, 40 ಗಂಟೆ ಲ್ಯಾಬ್. ಪೇಷಂಟಿನ ದಾಖಲೆ ಕಂಪ್ಯೂಟರಿನಲ್ಲಿ ಇಡುವುದು, ಆ ಮಾಹಿತಿಯನ್ನು ಗುಟ್ಟಾಗಿ ಕಾಯುವುದು, ದೂರದ ಡಾಕ್ಟರ ಜೊತೆ ಪರದೆಯ ಮೇಲೆ ಸಮಾಲೋಚಿಸುವುದು, ಎಲ್ಲ ಅದರಲ್ಲಿದೆ. ಈ ಪಾಠ ಶುರು ಮಾಡುವಾಗ ನಾನು ಫ್ಲಾರೆನ್ಸ್ ನೈಟಿಂಗೇಲರ ದೀಪದ ಕತೆ ಹೇಳುವುದಿಲ್ಲ, ಅವರು ಮಾಡಿದ ಅಂಕಿಅಂಶದ ಚಿತ್ರಪಟ ತೋರಿಸುತ್ತೇನೆ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಕೊಳೆ, ಕಾಲರಾ, ಜ್ವರಗಳಿಂದ ಸತ್ತದ್ದೇ ಹೆಚ್ಚು ಎಂದು ಅವರು ತಿಂಗಳುವಾರು ಲೆಕ್ಕ ಹಾಕಿ, 1858ರಲ್ಲಿ ವೃತ್ತಾಕಾರದ ಬಣ್ಣದ ಚಿತ್ರವಾಗಿ ಮುದ್ರಿಸಿದರು. ಅಂಕಿಅಂಶ ನರ್ಸಮ್ಮನ ಕೆಲಸವೇ ಎಂದು ಕೇಳುವ ಮಗುವಿಗೆ ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಇನ್ನು ಮೊಬೈಲಿನ ಮಾತು. ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿಯೇ ರಾಜ್ಯದ ನರ್ಸಿಂಗ್ ಪದವಿ ಕಾಲೇಜುಗಳು ಹೆಚ್ಚಾಗಿ ಇವೆ. ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿ ಮೊದಲ ತಿಂಗಳು ತರಗತಿಯಲ್ಲಿ ತಲೆ ಅಲ್ಲಾಡಿಸುತ್ತಾ ಕೂತಿರುತ್ತಾಳೆ. ಅವಳ ನೋಟ್‌ಬುಕ್ ತೆರೆದು ನೋಡಿದರೆ 'ಹೈಪೊಗ್ಲೈಸೀಮಿಯಾ' ಎಂದು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 'ಸಕ್ರಿ ಇಳಿಯೋದು, ಬೆವರು, ನಡುಕ' ಎಂದಿರುತ್ತದೆ. ಅವಳು ಕೈ ಎತ್ತಿ ಪ್ರಶ್ನೆ ಕೇಳುವುದಿಲ್ಲ. ಕೇಳಲು ಇಂಗ್ಲಿಷ್ ಬೇಕು, ಕನ್ನಡದಲ್ಲಿ ಕೇಳಿದರೆ ಪಟ್ಟಣದ ಮಕ್ಕಳು ನಕ್ಕಾರು ಎಂಬ ಅಂಜಿಕೆ. ರಾತ್ರಿ ಅವಳು ಮೊಬೈಲನ್ನು ಕೇಳುತ್ತಾಳೆ. ಹಿಂದಿಯ ವಿಡಿಯೊ ನೋಡುತ್ತಾಳೆ, ಕನ್ನಡದ್ದು ಸಿಕ್ಕರೆ ಅದನ್ನು, ಅರ್ಥವಾಗದ ಕಡೆ ನಿಲ್ಲಿಸಿ ಹಿಂದಕ್ಕೆ ಎಳೆಯುತ್ತಾಳೆ. ಹೆರಿಗೆ, ಮುಟ್ಟು, ಗಂಡಸಿನ ದೇಹ, ನಮ್ಮ ಕಡೆ ಯಾರ ಎದುರಿಗೂ ಬಾಯಿಬಿಟ್ಟು ಕೇಳಲಾಗದ ವಿಷಯಗಳನ್ನು ಮೊಬೈಲು ಬೈಯದೆ, ನಗದೆ, ಎಷ್ಟು ಸಲ ಬೇಕಾದರೂ ಹೇಳುತ್ತದೆ. ಒಬ್ಬ ತಂದೆ ಜೇವರ್ಗಿ ಕಡೆಯಿಂದ ಬಂದು, "ಮೇಡಂ, ಹುಡುಗಿ ಕೈಯಾಗ ಅಷ್ಟು ದೊಡ್ಡ ಮೊಬೈಲ್ ಕೊಟ್ರ ಊರಾಗ ಮಂದಿ ಏನಂದಾರ್ರಿ?" ಎಂದು ಕೇಳಿದರು. "ಯಪ್ಪಾ, ಅದು ಆಕಿ ಪುಸ್ತಕ ಅದ ನೋಡ್ರಿ. ಆಕಿ ಪಾಸಾಗಿ ನೌಕರಿ ಹಿಡದ ಮ್ಯಾಲ ಮಂದಿನೇ ಬಂದು ನಿಮ್ಮನ್ನ ಹೊಗಳ್ತಾರ" ಎಂದೆ. ಅವರು ನಂಬಿದರೋ ಇಲ್ಲವೋ, ಮೊಬೈಲನ್ನಂತೂ ಕಸಿದುಕೊಳ್ಳಲಿಲ್ಲ.

ಇದೇ ಮೊಬೈಲನ್ನು ಮಕ್ಕಳು ದ್ವೇಷಿಸಿದ ಕಾಲವೂ ಇತ್ತು. 2020ರ ಮಾರ್ಚ್ 10ರಂದು ತೀರಿಕೊಂಡ ಕಲಬುರಗಿಯ 76 ವರ್ಷದ ಹಿರಿಯರದು ಭಾರತದ ಮೊದಲ ಕೋವಿಡ್ ಸಾವು ಎಂದು ಎರಡು ದಿನಗಳ ನಂತರ ತಿಳಿಯಿತು. ದೇಶಕ್ಕಿಂತ ಮೊದಲೇ ನಮ್ಮ ಊರಿಗೆ ಆ ಹೆದರಿಕೆ ಬಂದಿತ್ತು. ಅದೇ ತಿಂಗಳ ಕೊನೆಯಲ್ಲಿ ಲಾಕ್‌ಡೌನ್. ಮಕ್ಕಳು ಹಳ್ಳಿ ಸೇರಿದರು, ಪಾಠ ಮೊಬೈಲಿಗೆ ಬಂತು. ವಿಶ್ವ ಆರೋಗ್ಯ ಸಂಸ್ಥೆ ಆ ವರ್ಷವನ್ನೇ ನರ್ಸ್ ಮತ್ತು ಸೂಲಗಿತ್ತಿಯರ ವರ್ಷವೆಂದು ಸಾರಿತ್ತು. ನಮ್ಮ ಮುಂದಿನ ನರ್ಸುಗಳು ಮಾಳಿಗೆ ಹತ್ತಿ ಬಿಸಿಲಲ್ಲಿ ಸಿಗ್ನಲ್ಲು ಹುಡುಕುತ್ತಿದ್ದರು. ಇದ್ದ ಒಂದೇ ಮೊಬೈಲನ್ನು ಅಣ್ಣ ಹೊಲಕ್ಕೆ ಒಯ್ದರೆ ಆ ದಿನ ಪಾಠವಿಲ್ಲ. ಹೆಸರು ಕೂಗಿದರೆ ಉತ್ತರ ಬರುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಎಲ್ಲರೂ ಕ್ಯಾಮೆರಾ ಬಂದ್ ಮಾಡಿಕೊಳ್ಳುತ್ತಿದ್ದರು. ಶಿಸ್ತಿಲ್ಲದ ಮಕ್ಕಳು ಎಂದು ಕೆಲವು ಸಹೋದ್ಯೋಗಿಗಳು ಬೇಸರಪಟ್ಟರು. ನನಗೆ ಕಾರಣ ಗೊತ್ತಿತ್ತು. ಒಂದೇ ಕೋಣೆಯ ಮನೆ, ಹಿಂದೆ ಒಲೆ, ಮೂಲೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ, ಕಟ್ಟಿದ ಆಕಳು. ಕ್ಯಾಮೆರಾ ತೆರೆದರೆ ಇಡೀ ತರಗತಿ ಅವರ ಮನೆಯೊಳಗೆ ಬಂದು ಕೂತಂತೆ. ಹಾಸ್ಟೆಲ್ಲಿನಲ್ಲಿ ಮಾನ ಕಾಯುತ್ತಿದ್ದ ಯಂತ್ರ ಮನೆಯಲ್ಲಿ ಮಾನ ತೆಗೆಯುತ್ತಿತ್ತು. ಆ ವರ್ಷ ಮಕ್ಕಳು ಹೇಗೋ ಪಾಸಾದರು, ಆದರೆ ಮರಳಿ ಬಂದಾಗ ಬೆರಳುಗಳಿಗೆ ಏನೂ ಬರುತ್ತಿರಲಿಲ್ಲ. ಪಾಠದ ವಿಡಿಯೊ ಎಷ್ಟು ನೋಡಿದರೂ ರಕ್ತನಾಳದ ಪುಟಿತವನ್ನು ಬೆರಳೇ ಹುಡುಕಿ ಹಿಡಿಯಬೇಕು.

ಯಂತ್ರಗಳ ಕುರಿತ ಇಂಥ ಮನೋಭಾವದ ಬಗ್ಗೆ ಹೊರದೇಶಗಳಲ್ಲಿ ಸಂಶೋಧನೆ ನಡೆದು ನಲವತ್ತು ವರ್ಷಗಳೇ ಆದವು. ನರ್ಸುಗಳಿಗೆ ಕಂಪ್ಯೂಟರಿನ ಬಗ್ಗೆ ಏನನ್ನಿಸುತ್ತದೆ ಎಂದು ಅಳೆಯಲು ಸ್ಟ್ರಾಂಜ್ ಮತ್ತು ಬ್ರಾಟ್ ಎಂಬಿಬ್ಬರು 1985ರಲ್ಲಿ 20 ಹೇಳಿಕೆಗಳ ಪ್ರಶ್ನಾವಳಿ ಮಾಡಿದರು. ಕಂಪ್ಯೂಟರಿನಿಂದ ಪೇಷಂಟಿನ ಆರೈಕೆಗೆ ಸಮಯ ಉಳಿಯುತ್ತದೆಯೇ, ನರ್ಸಿನ ಕೆಲಸಕ್ಕೆ ಕುತ್ತು ಬರುತ್ತದೆಯೇ ಎಂಬಂಥವು. 1989ರಲ್ಲಿ ಫ್ರೆಡ್ ಡೇವಿಸ್ ಎಂಬವರು, ಮನುಷ್ಯ ಹೊಸ ಯಂತ್ರವನ್ನು ಒಪ್ಪಿಕೊಳ್ಳುವುದು ಎರಡು ಕಾರಣಕ್ಕೆ ಎಂದರು: ಇದರಿಂದ ನನಗೆ ಉಪಯೋಗವಿದೆಯೇ, ಇದನ್ನು ಬಳಸುವುದು ಸುಲಭವೇ. ಇವತ್ತಿಗೂ ಈ ವಿಷಯದಲ್ಲಿ ಬರೆಯುವವರು ಹೆಚ್ಚಾಗಿ ಅದನ್ನೇ ಆಧಾರ ಮಾಡಿಕೊಳ್ಳುತ್ತಾರೆ. ನನಗೆ ಅದು ಸಾಲದು ಎನ್ನಿಸುತ್ತದೆ. ಬೆರಳೊತ್ತುವ ಯಂತ್ರದಷ್ಟು ಸುಲಭವಾದದ್ದು ಇನ್ನೊಂದಿಲ್ಲ, ಆದರೂ ಯಾರಿಗೂ ಬೇಡ. ರಬ್ಬರಿನ ತೋಳಿಗೆ ಕ್ಯಾನುಲಾ ಹಾಕುವುದು ಕಷ್ಟದ ಕೆಲಸ, ಆದರೂ ಪಾಳಿ ಹಚ್ಚಿ ನಿಲ್ಲುತ್ತಾರೆ. ನಮ್ಮ ಮಕ್ಕಳ ಮಟ್ಟಿಗೆ ಮೂರನೆಯದೊಂದು ಪ್ರಶ್ನೆ ಇದೆ: ಇದರ ಮುಂದೆ ನಾನು ದಡ್ಡಿಯಾಗಿ ಕಾಣಬಹುದೇ?

ವಾರ್ಡಿಗೆ ಹೋದ ಮೇಲೆ ಮಾತು ಇನ್ನಷ್ಟು ಸೂಕ್ಷ್ಮವಾಗುತ್ತದೆ. ಸಲಾಯಿನ್ ಹಚ್ಚುವುದನ್ನೇ ನೋಡಿ. 500 ಮಿಲಿ ಬಾಟಲಿ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟು ಮಿಲಿಗೆ 20 ಹನಿಯದು. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮೊಬೈಲಿನ ಆ್ಯಪು ಈ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುತ್ತದೆ. ದೊಡ್ಡ ಆಸ್ಪತ್ರೆಯ ಇನ್‌ಫ್ಯೂಷನ್ ಪಂಪು ಲೆಕ್ಕದ ಜೊತೆಗೆ ಹನಿಯನ್ನೂ ತಾನೇ ಬಿಡುತ್ತದೆ. ಆದರೆ ಹಳ್ಳಿಯ ದವಾಖಾನೆಯಲ್ಲಿ ಪಂಪು ಇಲ್ಲದಾಗ ಗಡಿಯಾರ ಹಿಡಿದು ಹನಿ ಎಣಿಸಬೇಕು. ಹಾಗೆಯೇ ಮಗುವಿನ ಎದೆಬಡಿತ. 1895ರಲ್ಲಿ ಫ್ರಾನ್ಸಿನ ಪಿನಾರ್ಡ್ ಎಂಬ ಡಾಕ್ಟರ್ ರೂಪಿಸಿದ ಕಹಳೆಯಂಥ ಫೀಟೋಸ್ಕೋಪನ್ನು ನಾವು ಈಗಲೂ ಕಲಿಸುತ್ತೇವೆ. ಬಸುರಿಯ ಹೊಟ್ಟೆಗೆ ಅದನ್ನು ಹಚ್ಚಿ ಕಿವಿಗೊಟ್ಟು, ನಿಮಿಷಕ್ಕೆ 110ರಿಂದ 160ರ ನಡುವಿನ ಆ ಸಣ್ಣ ಬಡಿತವನ್ನು ಹುಡುಕಬೇಕು. ಡಾಪ್ಲರ್ ಯಂತ್ರವಾದರೆ ಕೋಣೆಗೆಲ್ಲ ಕೇಳಿಸುತ್ತದೆ. "ಡಾಪ್ಲರ್ ಇರುವಾಗ ಇದ್ಯಾಕ್ರಿ?" ಎಂದು ಮಕ್ಕಳು ಕೇಳುತ್ತಾರೆ. ಕರೆಂಟು ಹೋಗಿ, ಬ್ಯಾಟರಿಯೂ ಸತ್ತ ರಾತ್ರಿ ಹೆರಿಗೆ ಕೋಣೆಯಲ್ಲಿ ನಿಂತವರಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಯಂತ್ರದ ಮೇಲೆ ಕುರುಡು ಭಕ್ತಿಯನ್ನೂ ನಾನು ಕಾಣುತ್ತೇನೆ, ಅದಕ್ಕೆ ಅಂಜುತ್ತೇನೆ. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಕೋವಿಡ್ ಕಾಲದಲ್ಲಿ ಮನೆಮಾತಾಯಿತು. ಬೆರಳಿನೊಳಗೆ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಸಾಧನ ಅದು. ಕೈ ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅದು ತಪ್ಪು ಹೇಳಬಹುದು. ಕಪ್ಪು ಮೈಬಣ್ಣದವರಲ್ಲಿ ಆಮ್ಲಜನಕ ನಿಜಕ್ಕೂ ಇಳಿದಿದ್ದರೂ ಚೆನ್ನಾಗಿದೆ ಎಂದು ತೋರಿಸುವ ಸಂಭವ ಹೆಚ್ಚು ಎಂದು 2020ರಲ್ಲಿ ಅಮೆರಿಕದ ವೈದ್ಯರು ಪ್ರಕಟಿಸಿದರು. ನಮ್ಮ ಬಿಸಿಲುನಾಡಿನ ಮೈಬಣ್ಣ ಎಂಥದು ಎಂದು ಹೇಳಬೇಕಿಲ್ಲ. ಪರದೆಯ ಮೇಲೆ 96 ಇದೆ, ಆದರೆ ಪೇಷಂಟು ಪಕ್ಕೆ ಸೆಳೆದುಕೊಂಡು ಉಸಿರಾಡುತ್ತಿದ್ದಾನೆ. ಯಾವುದನ್ನು ನಂಬುತ್ತೀರಿ ಎಂದು ನಾನು ಪ್ರತಿ ತಂಡವನ್ನೂ ಕೇಳುತ್ತೇನೆ. ಪಕ್ಕೆಯನ್ನು ನಂಬಿ ಎಂದು ಹೇಳುತ್ತೇನೆ.

ಕೃತಕ ಬುದ್ಧಿಮತ್ತೆ (ಎಐ) ಬಂದ ಮೇಲೆ ಹೊಸ ತೊಡಕು. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು, ಸ್ವಲ್ಪ ದಿನದಲ್ಲೇ ನಮ್ಮ ಮಕ್ಕಳ ಕೇರ್ ಪ್ಲಾನುಗಳ ಇಂಗ್ಲಿಷ್ ಇದ್ದಕ್ಕಿದ್ದಂತೆ ಮಿರುಗತೊಡಗಿತು. ಕೇರ್ ಪ್ಲಾನ್ ಎಂದರೆ ಒಬ್ಬ ಪೇಷಂಟನ್ನು ನೋಡಿ, ಅವರ ತೊಂದರೆ ಏನು, ನಾನೇನು ಮಾಡುತ್ತೇನೆ, ಫಲ ಏನಾಯಿತು ಎಂದು ಬರೆಯುವ ಬರಹ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಗೆ ಒಬ್ಬ ಹುಡುಗಿ ಓಟ್ಸ್, ಬ್ರೊಕೊಲಿ, ಸಾಲ್ಮನ್ ಮೀನು ಎಂದು ಬರೆದು ತಂದಳು. ಮೂರು ಹೊತ್ತೂ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಿನ್ನುವ ಅಜ್ಜಿ. "ಹೋಗು, ಮುಂಜಾನೆ ಏನ್ ಉಂಡೀ ಅಂತ ಆಯಿನ್ನ ಕೇಳ್ಕೊಂಡು ಬಾ" ಎಂದು ಕಳಿಸಿದೆ. ಹುಡುಗಿ ಹೋಗಿ ಕೂತಳು, ಅರ್ಧ ತಾಸು ಬರಲೇ ಇಲ್ಲ. ತಂದ ಎರಡನೆಯ ಕೇರ್ ಪ್ಲಾನಿನ ಇಂಗ್ಲಿಷ್ ಒಡೆದು ಒಡೆದು ಇತ್ತು, ಆದರೆ ಅದರಲ್ಲಿ ಅಜ್ಜಿ ಇದ್ದಳು. ಗೊಂಬೆಯ ಮೇಲೆ ಗುಟ್ಟಾಗಿ ತಪ್ಪಿದರೆ ಆ ತಪ್ಪು ಮತ್ತೆ ಮತ್ತೆ ಎದುರಿಗೆ ಬಂದು ತಿದ್ದಿಕೊಳ್ಳುತ್ತದೆ. ಎಐ ಬರೆದುಕೊಟ್ಟರೆ ತಪ್ಪು ಅದನ್ನು ತಂದವಳಿಗೇ ಕಾಣದಂತೆ ಮುಚ್ಚಿಹೋಗುತ್ತದೆ. ಮಕ್ಕಳು ಈ ಎರಡನ್ನೂ ಒಂದೇ ಎಂದುಕೊಳ್ಳದಂತೆ ನೋಡಿಕೊಳ್ಳುವುದು ಟೀಚರ ಕೆಲಸ. ಎಐ ಬಳಸಬೇಡಿ ಎಂದು ನೋಟಿಸು ಹಚ್ಚಿದರೆ ಆಗುವ ಕೆಲಸ ಇದಲ್ಲ.

ಇದೆಲ್ಲ ಕಾಲೇಜಿನ ಗೋಡೆಯೊಳಗೆ ಮುಗಿಯುವುದೂ ಇಲ್ಲ. ನಮ್ಮಲ್ಲಿ ಪಾಸಾದವರಲ್ಲಿ ಹಲವರು ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ಹಳ್ಳಿಯ ಉಪಕೇಂದ್ರಗಳಿಗೆ ಹೋಗುತ್ತಾರೆ. ಅಲ್ಲಿ ಡಾಕ್ಟರಿರುವುದಿಲ್ಲ. 2019ರಲ್ಲಿ ಶುರುವಾದ ಇ-ಸಂಜೀವಿನಿಯಲ್ಲಿ ಪೇಷಂಟನ್ನು ಮೊಬೈಲಿನ ಮುಂದೆ ಕೂರಿಸಿ ದೂರದ ಡಾಕ್ಟರಿಗೆ ತೋರಿಸಬೇಕು, ಬಿಪಿ, ಸಕ್ಕರೆಯ ತಪಾಸಣೆಯನ್ನು ಪೋರ್ಟಲ್ಲಿಗೆ ಏರಿಸಬೇಕು, 2021ರಲ್ಲಿ ಬಂದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಆಭಾ ಎಂಬ ಆರೋಗ್ಯ ಖಾತೆ ಸಂಖ್ಯೆ ಮಾಡಿಕೊಡಬೇಕು. ಭೀಮಾ ದಂಡೆಯ ಹಳ್ಳಿಯೊಂದರಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿ, ಡಾಕ್ಟರಿಗೆ ತೋರಿಸುವ ಕೆಲಸ ಬಹಳ ಹಿಡಿಸಿದೆ, ಅಜ್ಜಂದಿರು ಪರದೆಗೇ ಕೈ ಮುಗಿಯುತ್ತಾರೆ ಎಂದಳು. "ಆದ್ರ ಮೇಡಂ, ದಿನಾ ಎಷ್ಟು ಎಂಟ್ರಿ ಆದವು ಅಂತ ಗ್ರೂಪ್‌ನ್ಯಾಗ ಹಾಕ್ತಾರ. ಕಮ್ಮಿ ಆದ್ರ ಎಲ್ಲಾರ ಮುಂದ ಹೆಸರು ಬರ್ತದ." ನೆರವಾಗುವ ಯಂತ್ರಕ್ಕೂ ಎಣಿಸಿ ಬರೆದಿಡುವ ಯಂತ್ರಕ್ಕೂ ನಡುವೆ ಇಲ್ಲಿಯೂ ಅದೇ ಗೆರೆ.

ನಾನು ಕೇಳಿಕೊಳ್ಳುವುದು ದೊಡ್ಡದೇನಲ್ಲ. ಮೊಬೈಲು ವಾರ್ಡಿಗೆ ಬರಲಿ, ಔಷಧದ ಹೆಸರು, ಪ್ರಮಾಣ ನೋಡಿಕೊಳ್ಳಲು. ಪೇಷಂಟಿನ ಫೋಟೊ ಮಾತ್ರ ಯಾರೂ ಯಾವ ಕಾರಣಕ್ಕೂ ತೆಗೆಯಕೂಡದು, ಗಾಯ ಎಷ್ಟು ಅಪರೂಪದ್ದಾದರೂ ಸರಿ. ನಮ್ಮ ಕಡೆಯ ಮಾತಿನಲ್ಲಿ, ನಮ್ಮ ಟೀಚರುಗಳೇ ಹೇಳಿದ ಸಣ್ಣ ವಿಡಿಯೊಗಳು ಬೇಕು, ಒಮ್ಮೆ ಇಳಿಸಿಕೊಂಡರೆ ಸಿಗ್ನಲ್ಲಿಲ್ಲದ ಹಳ್ಳಿಯಲ್ಲೂ ನಡೆಯುವಂಥವು. ಪರೀಕ್ಷೆಯ ಭಾಷೆ ಇಂಗ್ಲಿಷೇ ಇರಲಿ, ತಿಳಿಯುವ ಭಾಷೆ ಕನ್ನಡವಾಗಲಿ. ಗೊಂಬೆಯ ಮೇಲಿನ ಅಭ್ಯಾಸಕ್ಕೆ ಇಂಟರ್ನಲ್ ಮಾರ್ಕ್ಸ್ ಬೇಡ. ಮಾರ್ಕ್ಸ್ ಇಟ್ಟ ದಿನವೇ ಅದೂ ಬೆರಳೊತ್ತುವ ಯಂತ್ರವಾಗುತ್ತದೆ. ಲ್ಯಾಬನ್ನು ಸಂಜೆ ಐದಕ್ಕೆ ಮುಚ್ಚುವುದನ್ನು ಮೊದಲು ನಿಲ್ಲಿಸಬೇಕು. ಹಗಲು ಮಕ್ಕಳಿಗೆ ವಾರ್ಡಿನ ಪೋಸ್ಟಿಂಗು ಇರುತ್ತದೆ, ಅಂಜುವವರಿಗೆ ಸಂಜೆಯೇ ಒಳ್ಳೆಯ ಹೊತ್ತು. ಕೀಲಿಯನ್ನು ರಾತ್ರಿ ಎಂಟರವರೆಗೆ ಹಾಸ್ಟೆಲ್ ವಾರ್ಡನ್ ಹತ್ತಿರ ಇಡುವುದಕ್ಕೆ ಯಾವ ಗ್ರ್ಯಾಂಟೂ ಬೇಕಿಲ್ಲ.